ದುಡಿದವರ ಬಾಕಿ

ಮೇಷ್ಟ್ರ ಸಂಬಳದ ವ್ಯವಸ್ಥೆಯನ್ನು ಸರಿಪಡಿಸುತ್ತೇವೆ ಎಂದು ಯಾವುದೇ ರಾಜ್ಯ ಸರ್ಕಾರ ಹೊರಟಾಗ ಅದರ ಮನಸ್ಸಿನಲ್ಲಿ ಸಾಮಾನ್ಯವಾಗಿ ಎರಡರಲ್ಲಿ ಒಂದು ಯೋಚನೆ ಇರುತ್ತದೆ. ಕೊಡುತ್ತಿರುವ ಹಣಕ್ಕೆ ತಕ್ಕ ಪಾಠ ನಡೆಯುತ್ತಿಲ್ಲ ಎಂಬುದು ಒಂದು. ಇಷ್ಟೇ ಪಾಠವನ್ನು ಇನ್ನೂ ಕಡಿಮೆ ಹಣದಲ್ಲಿ ನಡೆಸಬಹುದಲ್ಲ ಎಂಬುದು ಇನ್ನೊಂದು. ಮೊದಲ ಯೋಚನೆಯಿಂದ ಫಲಿತಾಂಶಕ್ಕೆ ಬಹುಮಾನ ಕಟ್ಟುವ ಯೋಜನೆಗಳು ಬಂದವು. ಎರಡನೆಯದರಿಂದ ಖಾಯಂ ಹುದ್ದೆಯಿಲ್ಲದೆ ಗೌರವಧನಕ್ಕೆ ದುಡಿಯುವ ಅತಿಥಿ ಶಿಕ್ಷಕರು ಬಂದರು. ಇವೆರಡರ ಗದ್ದಲದಲ್ಲಿ ತೀರಾ ಸರಳವಾದ ಒಂದು ಪ್ರಶ್ನೆಯನ್ನು ಯಾರೂ ಕೇಳದೆ ಬಿಟ್ಟಿದ್ದಾರೆ ಎಂದು ನನಗೆ ಬಹಳ ದಿನಗಳಿಂದ ಅನ್ನಿಸುತ್ತಿದೆ. ಈ ತಿಂಗಳು ಈ ಶಿಕ್ಷಕಿ ಮಾಡಿದ ಕೆಲಸಕ್ಕೆ ನಾವು ಅವರಿಗೆ ಎಷ್ಟು ಕೊಡಬೇಕಾಗಿದೆ? ಇನ್ನಷ್ಟು ದುಡಿಸಿಕೊಳ್ಳಲು ಎಷ್ಟು ಕೊಡಬೇಕು ಎಂದಾಗಲೀ, ಎಷ್ಟು ಕಡಿಮೆ ಕೊಟ್ಟರೂ ಬರುತ್ತಾರೆ ಎಂದಾಗಲೀ ಅಲ್ಲ. ಆಗಿರುವ ದುಡಿಮೆಗೆ ನಮ್ಮ ಮೇಲೆ ಇರುವ ಬಾಕಿ ಎಷ್ಟು?

ನಮ್ಮ ರಾಜ್ಯದ ಲೆಕ್ಕವನ್ನೇ ತೆಗೆದುಕೊಳ್ಳೋಣ. ಕೆ. ಸುಧಾಕರ ರಾವ್ ಅಧ್ಯಕ್ಷತೆಯ 7ನೇ ರಾಜ್ಯ ವೇತನ ಆಯೋಗದ ಶಿಫಾರಸಿನ ಮೇಲೆ 2024ರ ಆಗಸ್ಟ್ 1ರಿಂದ ಸರ್ಕಾರಿ ನೌಕರರಿಗೆ ಹೊಸ ವೇತನ ಶ್ರೇಣಿ ಬಂತು. ಕನಿಷ್ಠ ಮೂಲ ವೇತನ 17,000 ರೂಪಾಯಿಯಿಂದ 27,000ಕ್ಕೆ ಏರಿತು. ಹೊಸದಾಗಿ ಸೇರುವ ಖಾಯಂ ಪ್ರಾಥಮಿಕ ಶಾಲಾ ಶಿಕ್ಷಕರ ಮೂಲ ವೇತನವೇ ಈಗ 40,000 ದಾಟುತ್ತದೆ. ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ ಬೇರೆ. ಇದನ್ನು ಹೆಚ್ಚಾಯಿತು ಎನ್ನುವವರ ಸಾಲಿನಲ್ಲಿ ನಾನು ನಿಲ್ಲುವುದಿಲ್ಲ. ಒಂದು ಊರಿನ ಮಕ್ಕಳಿಗೆ ಅಕ್ಷರ ಕಲಿಸುವ ಮನುಷ್ಯ ಸಾಲದ ಚಿಂತೆಯಿಲ್ಲದೆ ತರಗತಿಗೆ ಬರಬೇಕು. 2006ರ ಏಪ್ರಿಲ್ 1ರ ನಂತರ ಸೇರಿದವರು ಹಳೆಯ ಪಿಂಚಣಿಗಾಗಿ ಮಾಡುತ್ತಿರುವ ಹೋರಾಟವೂ ಇದೇ ನೆಮ್ಮದಿಗಾಗಿ. ಮುಪ್ಪಿನ ಕಾಲದ ಭರವಸೆಯೂ ಸಂಬಳದ ಒಂದು ಭಾಗವೇ.

ಆದರೆ ಅದೇ ಶಾಲೆಯ ಪಕ್ಕದ ಕೊಠಡಿಯಲ್ಲಿ ಅತಿಥಿ ಶಿಕ್ಷಕಿ ಪಾಠ ಮಾಡುತ್ತಿರುತ್ತಾರೆ. ಪುಸ್ತಕ ಅದೇ, ಮಕ್ಕಳು ಅವೇ, ಗಂಟೆ ಹೊಡೆಯುವುದೂ ಇಬ್ಬರಿಗೂ ಒಂದೇ. ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರ ತಿಂಗಳ ಗೌರವಧನ 10,000 ರೂಪಾಯಿ ಇತ್ತು. 2025-26ರ ಬಜೆಟ್‌ನಲ್ಲಿ 2,000 ಏರಿಸಿ 12,000 ಮಾಡಿದರು. ಹಲವು ಉದ್ಯೋಗಗಳಿಗೆ ಸರ್ಕಾರವೇ ನಿಗದಿ ಮಾಡಿದ ಕನಿಷ್ಠ ವೇತನಕ್ಕಿಂತ ಇದು ಕಡಿಮೆ. ಅದೂ ವರ್ಷಪೂರ್ತಿ ಇಲ್ಲ. ಶಾಲೆ ನಡೆಯುವ ತಿಂಗಳುಗಳಿಗೆ ಮಾತ್ರ. ರಾಜ್ಯದಲ್ಲಿ ಹೀಗೆ ದುಡಿಯುವವರು ಕೆಲವು ನೂರು ಮಂದಿ ಇದ್ದಿದ್ದರೆ ತಾತ್ಕಾಲಿಕ ಏರ್ಪಾಡು ಎಂದು ಸುಮ್ಮನಾಗಬಹುದಿತ್ತು. ಅವರ ಸಂಖ್ಯೆ ಹತ್ತಾರು ಸಾವಿರ. ಕಲ್ಯಾಣ ಕರ್ನಾಟಕದ ಎಷ್ಟೋ ಶಾಲೆಗಳ ಬಾಗಿಲು ಬೆಳಿಗ್ಗೆ ತೆರೆಯುವುದು ಇವರ ಬಲದ ಮೇಲೆ.

ಕೊಪ್ಪಳದ ಕಡೆಯ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಒಂದು ಶನಿವಾರ ಮಧ್ಯಾಹ್ನ ಕುಳಿತಿದ್ದೆ. ಮಕ್ಕಳು ಮನೆಗೆ ಹೋಗಿದ್ದರು. ಹೆಡ್‌ಮಾಸ್ತರರ ಕೋಣೆಯೇ ಸ್ಟಾಫ್ ರೂಮು. ಕಬ್ಬಿಣದ ಬೀರುವಿನ ಮೇಲೆ ಹಳೆಯ ನಲಿ-ಕಲಿ ಕಾರ್ಡುಗಳ ಕಟ್ಟು, ಪಕ್ಕದಲ್ಲಿ ಹಾಲಿನ ಪುಡಿಯ ಚೀಲ. ಅತಿಥಿ ಶಿಕ್ಷಕಿಯೊಬ್ಬರು ಆರನೆಯ ತರಗತಿಯ ಗಣಿತದ ಉತ್ತರ ಪತ್ರಿಕೆಗಳನ್ನು ತಿದ್ದುತ್ತಿದ್ದರು. ತಪ್ಪು ಲೆಕ್ಕಕ್ಕೆ ಬರೀ ಗೆರೆ ಎಳೆದು ಮುಂದೆ ಹೋಗುತ್ತಿರಲಿಲ್ಲ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಹಂತಹಂತವಾಗಿ ಬಿಡಿಸಿ ತೋರಿಸುತ್ತಿದ್ದರು. ಬಿ.ಎಸ್‌ಸಿ., ಬಿ.ಇಡಿ. ಓದಿದವರು, ಟಿಇಟಿ ಪಾಸಾದವರು. ಕಂಪ್ಯೂಟರ್ ಬರುತ್ತದೆ ಎಂದು ವಿದ್ಯಾರ್ಥಿಗಳ ವಿವರ ದಾಖಲಿಸುವ ಸ್ಯಾಟ್ಸ್ ವ್ಯವಸ್ಥೆಗೆ ಶಾಲೆಯ ಮಾಹಿತಿ ತುಂಬುವ ಕೆಲಸವೂ ಅವರ ಪಾಲಿಗೇ ಬಂದಿತ್ತು.

ಪಗಾರ ತಿಂಗಳ ತಿಂಗಳ ಬರುತ್ತದೆಯೇ ಎಂದು ಕೇಳಿದೆ.

"ಎಲ್ಲಿ ಬರ್ತದರಿ ಸರ. ದಸರಾ ಮುಂದ ಮೂರು ತಿಂಗಳದ್ದು ಕೂಡೇ ಹಾಕಿದ್ರು. ಮುಂದಿಂದು ಅನುದಾನ ಬಂದಾಗ. ಕಿರಾಣಿ ಅಂಗಡಿಯವರು ಉದ್ರಿ ಕೊಡ್ತಾರ, ಟೀಚರ್ ಅದಾರ, ಎಲ್ಲಿ ಓಡಿ ಹೋಗ್ತಾರ ಅಂತ."

"ಬ್ಯಾಸಿಗ್ಯಾಗ ಹೆಂಗ್ರಿ?"

"ಬ್ಯಾಸಿಗ್ಯಾಗ ಅವ್ವನ ಜೋಡಿ ನರೇಗಾ ಕೆಲಸಕ್ಕ ಹೋಗ್ತೀನ್ರಿ. ಅಲ್ಲೇ ನಮ್ಮ ಸಾಲಿ ಹುಡುಗರು ಅವ್ರ ಅಪ್ಪ ಅವ್ವನ ಸಂಗಡ ಬಂದಿರ್ತಾವು. 'ಟೀಚರ, ನೀವ್ಯಾಕ ಬಂದ್ರಿ' ಅಂತ ಕೇಳ್ತಾವು."

ಅವರು ಇದನ್ನು ದೂರಿನಂತೆ ಹೇಳಲಿಲ್ಲ. ಹೇಳುತ್ತಲೇ ಮುಂದಿನ ಪತ್ರಿಕೆ ಎತ್ತಿಕೊಂಡರು. ಹೆಡ್‌ಮಾಸ್ತರರು ಮಾತ್ರ ತಗ್ಗಿದ ದನಿಯಲ್ಲಿ, "ಭಾಳ ಚಲೋ ಕಲಸ್ತಾರ್ರಿ. ಆದ್ರ ನಾಳೆ ಕೌನ್ಸೆಲಿಂಗ್‌ನ್ಯಾಗ ಯಾರರ ಖಾಯಂ ಮಂದಿ ಈ ಜಾಗಾಕ್ಕ ಬಂದ್ರ ಇವ್ರನ್ನ ಬಿಡಸಬೇಕಾಗ್ತದ. ಹೆಂಗ ಹೇಳಲಿ ನಾ" ಎಂದರು.

ಈಗ ಮೊದಲ ಯೋಚನೆಯ ಕಡೆಗೆ ಹೋಗೋಣ. ಫಲಿತಾಂಶ ನೋಡಿ ಹಣ ಕೊಡುವ ಪದ್ಧತಿ ಹೊಸದೇನಲ್ಲ. 1862ರಲ್ಲಿ ಇಂಗ್ಲೆಂಡಿನಲ್ಲಿ ರಾಬರ್ಟ್ ಲೋ ಎಂಬ ಮಂತ್ರಿ ಜಾರಿಗೆ ತಂದ ನಿಯಮದಂತೆ ಶಾಲೆಗೆ ಸಿಗುವ ಅನುದಾನವು ಮಗುವಿನ ಹಾಜರಿಯನ್ನೂ, ಓದು, ಬರಹ, ಲೆಕ್ಕದಲ್ಲಿ ಮಗು ಪಾಸಾಯಿತೇ ಎಂಬುದನ್ನೂ ಅವಲಂಬಿಸಿತ್ತು. ಪರೀಕ್ಷೆಯ ಮೇಲೆ ಒಂದು ಮಗುವಿಗೆ 8 ಶಿಲಿಂಗ್. ಒಂದೊಂದು ವಿಷಯದಲ್ಲಿ ತಪ್ಪಿದರೂ ಅದರ ಮೂರನೆಯ ಒಂದು ಪಾಲು ಕಡಿತ. ವರ್ಷಕ್ಕೊಮ್ಮೆ ಇನ್‌ಸ್ಪೆಕ್ಟರ್ ಬರುವ ದಿನ ಇಡೀ ಶಾಲೆಯ ಜೀವ ಅಂಗೈಯಲ್ಲಿ. ಮಕ್ಕಳು ಓದಿನ ಪುಸ್ತಕವನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದರು, ಇತಿಹಾಸ, ಭೂಗೋಳಗಳು ಮೂಲೆಗೆ ಸರಿದವು. ಸ್ವತಃ ಶಾಲಾ ಇನ್‌ಸ್ಪೆಕ್ಟರ್ ಆಗಿದ್ದ ಕವಿ ಮ್ಯಾಥ್ಯೂ ಆರ್ನಲ್ಡ್ ಈ ಪದ್ಧತಿಯನ್ನು ಗಟ್ಟಿಯಾಗಿ ವಿರೋಧಿಸಿದ. ಆ ಶತಮಾನ ಮುಗಿಯುವ ಹೊತ್ತಿಗೆ ಇಂಗ್ಲೆಂಡ್ ಅದನ್ನು ಕೈಬಿಟ್ಟಿತು. ಫಲಿತಾಂಶ ನೋಡಿ ಅನುದಾನ ಕೊಡುವ ಈ ಕ್ರಮ ಮದ್ರಾಸ್ ಪ್ರಾಂತ್ಯಕ್ಕೂ ಬಂದಿತ್ತು. ದಕ್ಷಿಣ ಕನ್ನಡ, ಬಳ್ಳಾರಿ ಆಗ ಆ ಪ್ರಾಂತ್ಯದಲ್ಲಿದ್ದವು. ನಮ್ಮ ಮುತ್ತಜ್ಜಂದಿರ ಕಾಲದ ಐಗಳ ಶಾಲೆಗಳಿಗೂ ಇಂಥ ಅಳತೆಗೋಲಿನ ಪರಿಚಯವಿತ್ತು.

ಅಮೆರಿಕದ ರಾಜ್ಯಗಳು ಅದೇ ದಾರಿಯನ್ನು ನೂರಿಪ್ಪತ್ತು ವರ್ಷದ ನಂತರ ಮತ್ತೆ ತುಳಿದವು. ಅಲ್ಲಿ 1921ರಲ್ಲಿ ಡೆನ್ವರ್, ಡೆ ಮೊಯಿನ್ ನಗರಗಳು ಮೊದಲು ಮಾಡಿ, ಓದು ಮತ್ತು ಸೇವಾವಧಿ ನೋಡಿ ಎಲ್ಲರಿಗೂ ಒಂದೇ ವೇತನ ಶ್ರೇಣಿ ಎಂಬ ಕ್ರಮ ಹಬ್ಬಿತ್ತು. ಅದಕ್ಕೆ ಮೊದಲು ಹೆಂಗಸರಿಗೆ ಗಂಡಸರಿಗಿಂತ ಕಡಿಮೆ, ಚಿಕ್ಕ ಮಕ್ಕಳಿಗೆ ಕಲಿಸುವವರಿಗೆ ದೊಡ್ಡ ತರಗತಿಯವರಿಗಿಂತ ಕಡಿಮೆ ಇರುತ್ತಿತ್ತು. ಆ ಅನ್ಯಾಯವನ್ನು ತೊಡೆಯಲೆಂದು ಬಂದ ಸಮಾನ ಶ್ರೇಣಿಯೇ ಸೋಮಾರಿತನಕ್ಕೆ ಕಾರಣ ಎಂದು 1980ರ ದಶಕದಿಂದ ರಾಜ್ಯಗಳು ಹೇಳತೊಡಗಿದವು. ಟೆನೆಸೀ ರಾಜ್ಯದ ನ್ಯಾಶ್‌ವಿಲ್‌ನಲ್ಲಿ ಗಣಿತ ಶಿಕ್ಷಕರಿಗೆ ವರ್ಷಕ್ಕೆ 15,000 ಡಾಲರ್‌ವರೆಗೆ ಬಹುಮಾನ ಇಟ್ಟು ಮೂರು ವರ್ಷ ಪರೀಕ್ಷಿಸಿದರು. 2010ರಲ್ಲಿ ಹೊರಬಂದ ವರದಿಯ ಪ್ರಕಾರ ಒಟ್ಟಾರೆಯಾಗಿ ಮಕ್ಕಳ ಕಲಿಕೆಯಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಜಾರ್ಜಿಯಾ ರಾಜ್ಯದ ಅಟ್ಲಾಂಟಾದಲ್ಲಿ ಆದದ್ದು ಇನ್ನೂ ನೋವಿನದು. ಗುರಿ ಮುಟ್ಟಿದರೆ ಬೋನಸ್, ಮುಟ್ಟದಿದ್ದರೆ ಕೆಲಸಕ್ಕೇ ಕುತ್ತು ಎಂಬ ಒತ್ತಡದಲ್ಲಿ ಶಿಕ್ಷಕರೇ ಮಕ್ಕಳ ತಪ್ಪು ಉತ್ತರ ಅಳಿಸಿ ಸರಿ ಉತ್ತರ ತುಂಬಿದರು. 2011ರ ರಾಜ್ಯ ತನಿಖೆಯಲ್ಲಿ 44 ಶಾಲೆಗಳ 178 ಮಂದಿಯ ಹೆಸರು ಬಂತು. 2015ರಲ್ಲಿ 11 ಮಂದಿ ಅಪರಾಧಿಗಳೆಂದು ತೀರ್ಪಾಯಿತು. ಅವರಲ್ಲಿ ಬಹಳ ಮಂದಿ ಬಡ ಮಕ್ಕಳ ನಡುವೆ ವರ್ಷಗಟ್ಟಲೆ ದುಡಿದವರು. ಆ ಮಕ್ಕಳಿಗೆ ನಿಜವಾಗಿ ಏನು ಬರುತ್ತದೆ, ಏನು ಬರುವುದಿಲ್ಲ ಎಂಬುದೇ ಯಾರಿಗೂ ತಿಳಿಯದೆ ಹೋದದ್ದು ಎಲ್ಲಕ್ಕಿಂತ ದೊಡ್ಡ ನಷ್ಟ.

ನಾವು ದೂರದವರನ್ನು ನೋಡಿ ತಲೆಯಾಡಿಸಬೇಕಿಲ್ಲ. 2023ರಲ್ಲಿ ನಮ್ಮ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ 83.89. ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು. ಹೆಚ್ಚುವರಿ ಕೃಪಾಂಕ ಕೊಟ್ಟ ಮೇಲೂ ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಜಿಲ್ಲೆಗೆ ಎಷ್ಟನೆಯ ಸ್ಥಾನ ಎಂಬುದರ ಮೇಲೆ ಜಿಲ್ಲಾ ಶಿಕ್ಷಣಾಧಿಕಾರಿ ಡಿಡಿಪಿಐ ಅವರ ಮರ್ಯಾದೆ, ಅದರ ಮೇಲೆ ತಾಲ್ಲೂಕಿನ ಬಿಇಒ ಮರ್ಯಾದೆ, ಅದರ ಮೇಲೆ ಹೆಡ್‌ಮಾಸ್ತರರ ಮರ್ಯಾದೆ ನಿಂತಾಗ ಕೆಳಗಿನ ಕೊಠಡಿಯಲ್ಲಿ ಏನು ನಡೆಯುತ್ತದೆ ಎಂಬುದು ಗೊತ್ತಿಲ್ಲದವರು ಯಾರು? ಇನ್ನು ಸಂಬಳವನ್ನೂ ಅದಕ್ಕೇ ಗಂಟು ಹಾಕಿದರೆ ಏನಾಗಬಹುದು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮತ್ತೊಂದು ಕಷ್ಟವೂ ಇದೆ. 2025ರ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನು ನಿಯೋಜಿಸಿ, ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಮುಂದುವರಿಸಿದರು. ಚುನಾವಣೆ, ಮತದಾರರ ಪಟ್ಟಿ, ಗಣತಿ ಎಲ್ಲಕ್ಕೂ ಮೇಷ್ಟ್ರೇ ಬೇಕು. ಆ ದಿನಗಳಲ್ಲಿ ಆಗದೆ ಹೋದ ಪಾಠದ ಲೆಕ್ಕವನ್ನು ವರ್ಷದ ಕೊನೆಯಲ್ಲಿ ಯಾರ ಸಂಬಳದಿಂದ ಮುರಿಯಬೇಕು?

ಇಷ್ಟು ಹೇಳಿ ನಿಲ್ಲಿಸಿದರೆ ಮಾತು ಪ್ರಾಮಾಣಿಕವಾಗುವುದಿಲ್ಲ. ಏಕೆಂದರೆ ಬಹುಮಾನ ಕೆಲಸ ಮಾಡಿದ ಉದಾಹರಣೆಯೂ ಇದೆ, ಅದೂ ನಮ್ಮ ಪಕ್ಕದಲ್ಲೇ. 2005ರಿಂದ ಆಂಧ್ರಪ್ರದೇಶದ ಹಳ್ಳಿ ಶಾಲೆಗಳಲ್ಲಿ ಕಾರ್ತಿಕ್ ಮುರಳೀಧರನ್, ವೆಂಕಟೇಶ್ ಸುಂದರರಾಮನ್ ಎಂಬ ಅರ್ಥಶಾಸ್ತ್ರಜ್ಞರು ಒಂದು ದೊಡ್ಡ ಪ್ರಯೋಗ ನಡೆಸಿದರು. ನೆಲದ ಮೇಲಿನ ಕೆಲಸ ನೋಡಿಕೊಂಡದ್ದು ಬೆಂಗಳೂರಿನ ಅಜೀಂ ಪ್ರೇಮ್‌ಜಿ ಫೌಂಡೇಷನ್. ಚೀಟಿ ಎತ್ತಿದಂತೆ ಆರಿಸಿದ 300 ಶಾಲೆಗಳು. ನೂರರಲ್ಲಿ ಒಬ್ಬೊಬ್ಬ ಶಿಕ್ಷಕರಿಗೆ ಬಹುಮಾನ, ನೂರರಲ್ಲಿ ಇಡೀ ಶಾಲೆಗೆ ಬಹುಮಾನ, ಉಳಿದ ನೂರು ಹಾಗೆಯೇ. ಬೋನಸ್ಸಿನ ಮೊತ್ತ ಸರಾಸರಿ ವಾರ್ಷಿಕ ಸಂಬಳದ ಶೇ 3ರಷ್ಟು ಮಾತ್ರ. ಎರಡು ವರ್ಷದಲ್ಲಿ ಬಹುಮಾನವಿದ್ದ ಶಾಲೆಗಳ ಮಕ್ಕಳು ಗಣಿತ, ಭಾಷೆ ಎರಡರಲ್ಲೂ ಸ್ಪಷ್ಟವಾಗಿ ಮುಂದಿದ್ದರು. ಬಹುಮಾನವೇ ಇಲ್ಲದ ವಿಜ್ಞಾನ, ಸಮಾಜದಲ್ಲೂ ಮುಂದಿದ್ದರು. ಶಿಕ್ಷಕರ ಗೈರುಹಾಜರಿ ಕಡಿಮೆಯಾಗಲಿಲ್ಲ. ಶಾಲೆಗೆ ಬಂದ ದಿನ ಹೆಚ್ಚು ಮನೆಗೆಲಸ ಕೊಟ್ಟರು, ಶಾಲೆ ಬಿಟ್ಟ ಮೇಲೂ ಕೂರಿಸಿ ಪಾಠ ಮಾಡಿದರು, ಮಾದರಿ ಪರೀಕ್ಷೆಗಳನ್ನು ನಡೆಸಿದರು.

ಈ ಫಲಿತಾಂಶವನ್ನು ನಾನು ಗೌರವಿಸುತ್ತೇನೆ. ಸಂಬಳ ಖಾತೆಗೆ ಹೇಗಿದ್ದರೂ ಬೀಳುತ್ತದೆ ಎಂದಾದಾಗ ಎಷ್ಟೋ ಮಂದಿ ಕೈಲಾದಷ್ಟು ಮಾಡುವುದಿಲ್ಲ ಎಂಬ ಸತ್ಯವನ್ನು ಅದು ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಆದರೆ ಅದೇ ಸಂಶೋಧಕರು ಅದೇ ಜಿಲ್ಲೆಗಳಲ್ಲಿ ಮಾಡಿದ ಇನ್ನೊಂದು ಅಧ್ಯಯನದ ಮುಂದೆ ನಾನು ಹೆಚ್ಚು ಹೊತ್ತು ನಿಲ್ಲುತ್ತೇನೆ. ಕೆಲವು ಶಾಲೆಗಳಿಗೆ ಹೆಚ್ಚುವರಿಯಾಗಿ ಒಬ್ಬ ಗುತ್ತಿಗೆ ಶಿಕ್ಷಕರನ್ನು ಕೊಟ್ಟರು. ಖಾಯಂ ಶಿಕ್ಷಕರ ಸಂಬಳದ ಸುಮಾರು ಐದನೆಯ ಒಂದು ಪಾಲು ಅವರಿಗೆ. ತರಬೇತಿಯೂ ಕಡಿಮೆ. ಆದರೂ ಆ ಶಾಲೆಗಳ ಮಕ್ಕಳ ಕಲಿಕೆ ಹೆಚ್ಚಿತು. ಗುತ್ತಿಗೆಯವರು ಖಾಯಂ ಶಿಕ್ಷಕರಿಗಿಂತ ಕಡಿಮೆ ಗೈರಾಗುತ್ತಿದ್ದರು, ಕಲಿಸುವುದರಲ್ಲಿ ಅವರಿಗಿಂತ ಎಲ್ಲೂ ಕಡಿಮೆ ಇರಲಿಲ್ಲ.

ಇದರಿಂದ ಸರ್ಕಾರದ ಹಣಕಾಸು ಇಲಾಖೆ ಎಳೆಯುವ ತೀರ್ಮಾನ ಯಾವುದು ಎಂಬುದು ಎಲ್ಲರಿಗೂ ಗೊತ್ತು. ಐದನೆಯ ಒಂದು ಪಾಲಿಗೆ ಅಷ್ಟೇ ಕೆಲಸ ಸಿಗುವುದಾದರೆ ಖಾಯಂ ನೇಮಕಾತಿ ಏಕೆ? ದೇಶದ ಎಷ್ಟೋ ರಾಜ್ಯಗಳು ಈ ತೀರ್ಮಾನದ ಮೇಲೆಯೇ ವರ್ಷಗಟ್ಟಲೆ ನಡೆದವು. ಆದರೆ ಅದೇ ಅಂಕಿಯನ್ನು ಇನ್ನೊಂದು ಬದಿಯಿಂದ ಓದಿ ನೋಡಿ. ಸಮನಾದ ಕೆಲಸ ಮಾಡಿದ ಮನುಷ್ಯನಿಗೆ ಐದರಲ್ಲಿ ನಾಲ್ಕು ಪಾಲು ಕೊಡದೆ ಉಳಿಸಿಕೊಂಡೆವು ಎಂದು ಅದು ಹೇಳುತ್ತದೆ. ಸಂಶೋಧನೆ ಆ ಶಿಕ್ಷಕರ ಅಪ್ರಾಮಾಣಿಕತೆಯನ್ನು ತೋರಿಸಿಲ್ಲ, ಅಸಾಮರ್ಥ್ಯವನ್ನು ತೋರಿಸಿಲ್ಲ. ಅವರ ದುಡಿಮೆ ಪೂರ್ತಿ ಬೆಲೆಯದು ಎಂದು ಸಾಕ್ಷಿ ಸಮೇತ ತೋರಿಸಿದೆ. ಹಾಗಿದ್ದ ಮೇಲೆ ಅದೇ ಸಾಕ್ಷಿಯನ್ನು ಹಿಡಿದು ಕಡಿಮೆ ಬೆಲೆಯನ್ನು ಸಮರ್ಥಿಸುವುದು ಹೇಗೆ?

"ಒಪ್ಪಿಕೊಂಡೇ ಬರುತ್ತಾರಲ್ಲ, ಒಂದು ಜಾಗಕ್ಕೆ ಹತ್ತು ಅರ್ಜಿ ಬರುತ್ತವೆ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಬಿ.ಇಡಿ. ಮಾಡಿ ಊರಲ್ಲಿ ಕುಳಿತ ಹುಡುಗಿಗೆ ಬೇರೆ ದಾರಿಯಿಲ್ಲ ಎಂಬುದು ಆಕೆಯ ಕೆಲಸದ ಬೆಲೆಯನ್ನು ಇಳಿಸುವುದಿಲ್ಲ. ಬರಗಾಲದಲ್ಲಿ ರೈತನ ಎತ್ತನ್ನು ಮೂರು ಕಾಸಿಗೆ ಹೊಡೆದುಕೊಂಡು ಹೋಗುವ ದಲ್ಲಾಳಿಯೂ, ರೈತ ಒಪ್ಪಿಯೇ ಕೊಟ್ಟ ಎನ್ನುತ್ತಾನೆ. ಖಾಸಗಿ ವ್ಯಾಪಾರಿಯ ಬಾಯಲ್ಲಿ ಈ ಮಾತು ಬಂದರೆ ಅದು ಅವನ ಧರ್ಮಕ್ಕೆ ಬಿಟ್ಟದ್ದು. ಸರ್ಕಾರದ ವಿಷಯ ಬೇರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 26ನೇ ಕಲಮಿನಂತೆ ಶಾಲೆಯ ಮಂಜೂರಾದ ಶಿಕ್ಷಕ ಹುದ್ದೆಗಳಲ್ಲಿ ಶೇ 10ಕ್ಕಿಂತ ಹೆಚ್ಚು ಖಾಲಿ ಇರುವಂತಿಲ್ಲ. ಪ್ರಾಥಮಿಕ ಹಂತದಲ್ಲಿ 30 ಮಕ್ಕಳಿಗೆ ಒಬ್ಬರು ಶಿಕ್ಷಕರಿರಬೇಕು. ಮಕ್ಕಳಿಗೆ ಮಾತು ಕೊಟ್ಟದ್ದು ಸರ್ಕಾರ. ಆ ಮಾತನ್ನು ಪ್ರತಿದಿನ ಬೆಳಿಗ್ಗೆ ಬಸ್ಸು ಹಿಡಿದು ಬಂದು ಉಳಿಸುತ್ತಿರುವುದು ಅತಿಥಿ ಶಿಕ್ಷಕಿ.

ನಾನು ಹೇಳುತ್ತಿರುವುದನ್ನು ಒಂದು ಆಪತ್ತಿನಿಂದ ಕಾಪಾಡಿಕೊಳ್ಳಬೇಕು. ಸಂಬಳ ಹೆಚ್ಚಿಸಿದರೆ ಕಲಿಕೆ ತಾನಾಗಿ ಹೆಚ್ಚುತ್ತದೆ ಎಂದು ನಾನು ವಾದಿಸುವುದಿಲ್ಲ. ಇಂಡೊನೇಷ್ಯಾ 2005ರಲ್ಲಿ ಕಾನೂನು ಮಾಡಿ, ಪ್ರಮಾಣಪತ್ರ ಪಡೆದ ಶಿಕ್ಷಕರ ಸಂಬಳವನ್ನು ದುಪ್ಪಟ್ಟು ಮಾಡಿತು. 360 ಶಾಲೆಗಳಲ್ಲಿ ಇದರ ಪರಿಣಾಮವನ್ನು ಅಳೆದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಮಕ್ಕಳ ಅಂಕ ಏರಲೇ ಇಲ್ಲ. ಶಿಕ್ಷಕರ ಹಣದ ಚಿಂತೆ ಕಡಿಮೆಯಾಯಿತು, ಹೊಟ್ಟೆಪಾಡಿಗಾಗಿ ಎರಡನೆಯ ಕೆಲಸ ಮಾಡುವವರ ಸಂಖ್ಯೆ ಇಳಿಯಿತು, ಅಷ್ಟೇ. ಅನೇಕರು ಇದನ್ನು ಸಂಬಳ ಏರಿಸುವುದರ ವಿರುದ್ಧದ ಸಾಕ್ಷಿಯಾಗಿ ತೋರಿಸುತ್ತಾರೆ. ಅದು ಒಂದೇ ಒಂದನ್ನು ಸಾಬೀತುಪಡಿಸುತ್ತದೆ. ಸಂಬಳದಿಂದ ಕಲಿಕೆಯನ್ನು ಕೊಳ್ಳಲಾಗುವುದಿಲ್ಲ. ಕಲಿಕೆ ಹೆಚ್ಚಬೇಕಾದರೆ ತರಬೇತಿ ಬೇಕು, ಪಾಠ ನೋಡಿ ತಿದ್ದಿ ಹೇಳುವ ಸಿಆರ್‌ಪಿ ಬೇಕು, ಮಗುವಿನ ಮಟ್ಟಕ್ಕೆ ಇಳಿಯುವ ಪಠ್ಯ ಬೇಕು, ಶಾಲಾಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿಯಲ್ಲಿ ಕೇಳುವ ಬಾಯಿ ಇರುವ ತಾಯಂದಿರು ಬೇಕು. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ 1995ರ ಸುಮಾರಿಗೆ ಶಿಕ್ಷಕರೇ ಕೂತು ನಲಿ-ಕಲಿ ಎಂಬ ಚಟುವಟಿಕೆಯ ಕಲಿಕಾ ಪದ್ಧತಿಯನ್ನು ಕಟ್ಟಿದಾಗ ಅವರ ಮುಂದೆ ಬೋನಸ್ ಇರಲಿಲ್ಲ. ಕೈಗೆ ಕೆಲಸದ ಸ್ವಾತಂತ್ರ್ಯ ಸಿಕ್ಕಿತ್ತು, ಬೆನ್ನಿಗೆ ನಿಂತ ಅಧಿಕಾರಿಗಳಿದ್ದರು.

ಸಂಬಳದ ಕೆಲಸ ಬೇರೆ. ದುಡಿದವರ ಬಾಕಿ ತೀರಿಸುವುದು ಅದರ ಕೆಲಸ. ಬಹುಮಾನದ ವಾದಿಗಳು ಮತ್ತು ಗುತ್ತಿಗೆಯ ವಾದಿಗಳು ಮೇಲುನೋಟಕ್ಕೆ ಬೇರೆಬೇರೆ ಕಂಡರೂ ಇಬ್ಬರೂ ಒಂದೇ ಕಡೆ ಎಡವುತ್ತಾರೆ. ಇಬ್ಬರೂ ಸಂಬಳವನ್ನು ನೋಡುವುದು ಮುಂದೆ ಬರಬೇಕಾದ ಲಾಭದ ಕಣ್ಣಿನಿಂದ. ನಿನ್ನೆ ಆಗಿಹೋದ ದುಡಿಮೆ ಅವರ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಕೂಲಿಯನ್ನು ಬೆವರು ಆರುವ ಮೊದಲು ಕೊಡಬೇಕು ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಹಿರಿಯರ ಬಾಯಲ್ಲಿ ಕೇಳಿದವರಿಗೆ ನಾನು ಹೇಳುತ್ತಿರುವುದು ವಿಚಿತ್ರವೆನ್ನಿಸಲಾರದು. ಕಳೆ ತೆಗೆದ ಹೆಣ್ಣಾಳಿಗೆ, ಬೆಳೆ ಹೇಗೆ ಬರುತ್ತದೋ ನೋಡಿ ಕೂಲಿ ಕೊಡುತ್ತೇನೆ ಎಂದು ಯಾವ ಮರ್ಯಾದಸ್ಥ ಒಕ್ಕಲಿಗನೂ ಹೇಳುವುದಿಲ್ಲ.

ರಾಜ್ಯ ಸರ್ಕಾರವೊಂದು ಮೇಷ್ಟ್ರ ಸಂಬಳವನ್ನು ಬಾಕಿಯಾಗಿ ಕಂಡ ಒಂದು ಪ್ರಸಂಗ ನೆನಪಾಗುತ್ತದೆ. ಕೇರಳದ ಖಾಸಗಿ ಅನುದಾನಿತ ಶಾಲೆಗಳಲ್ಲಿ ಮ್ಯಾನೇಜರ್ ಒಂದು ಮೊತ್ತಕ್ಕೆ ಸಹಿ ಹಾಕಿಸಿಕೊಂಡು ಅದಕ್ಕಿಂತ ಕಡಿಮೆ ಕೈಗಿಡುವುದು ಸಾಮಾನ್ಯವಾಗಿತ್ತು. 1957ರಲ್ಲಿ ಶಿಕ್ಷಣ ಮಂತ್ರಿ ಜೋಸೆಫ್ ಮುಂಡಶ್ಶೇರಿ ಮಂಡಿಸಿದ ಶಿಕ್ಷಣ ಮಸೂದೆ ಆ ಶಿಕ್ಷಕರ ಸಂಬಳವನ್ನು ಸರ್ಕಾರವೇ ನೇರವಾಗಿ ಕೊಡುವಂತೆ ಮಾಡಿತು. ಹಿಂದಿನ ವರ್ಷವಷ್ಟೇ ಕೇರಳಕ್ಕೆ ಸೇರಿದ್ದ ಕಾಸರಗೋಡಿನ ಕನ್ನಡ ಶಾಲೆಗಳ ಮೇಷ್ಟ್ರುಗಳೂ ಆ ಕಾನೂನಿನ ವ್ಯಾಪ್ತಿಯೊಳಗೇ ಬಂದರು. ಆ ಮಸೂದೆಯ ಇತರ ಕಲಮುಗಳ ಸುತ್ತ ಎದ್ದ ಬಿರುಗಾಳಿ ದೊಡ್ಡದು. 1959ರಲ್ಲಿ ಸರ್ಕಾರವನ್ನೇ ವಜಾ ಮಾಡಲಾಯಿತು. ಸರ್ಕಾರ ಹೋದರೂ ಸಂಬಳದ ಆ ಏರ್ಪಾಡು ಉಳಿಯಿತು. ಅದರಲ್ಲಿ ಬಹುಮಾನವಿರಲಿಲ್ಲ, ಅಳತೆಗೋಲಿರಲಿಲ್ಲ. ಸಹಿ ಹಾಕಿದಷ್ಟು ಹಣ ಸಹಿ ಹಾಕಿದವರ ಕೈಗೇ ಸೇರಬೇಕು ಎಂಬುದಷ್ಟೇ ಇತ್ತು. 1964ರಿಂದ 66ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗ ಕೂಡ ಸರ್ಕಾರಿ, ಸ್ಥಳೀಯ ಸಂಸ್ಥೆ, ಖಾಸಗಿ ಎಂಬ ಭೇದವಿಲ್ಲದೆ ಒಂದೇ ಅರ್ಹತೆಯ ಶಿಕ್ಷಕರಿಗೆ ಒಂದೇ ವೇತನ ಇರಬೇಕೆಂದು ಹೇಳಿತ್ತು.

ಬಿಹಾರದ ಕತೆ ಇದರ ಉಲ್ಟಾ ದಿಕ್ಕಿನದು. 2006ರಿಂದ ಅಲ್ಲಿನ ಸರ್ಕಾರ ಪಂಚಾಯಿತಿಗಳ ಮೂಲಕ ತಿಂಗಳಿಗೆ ನಾಲ್ಕೈದು ಸಾವಿರಕ್ಕೆ ಶಿಕ್ಷಕರನ್ನು ನೇಮಿಸಿತು. ನಿಯೋಜಿತ ಶಿಕ್ಷಕರು ಎಂದು ಅವರಿಗೆ ಹೆಸರು. ವರ್ಷಗಳು ಕಳೆದು ಅವರ ಸಂಖ್ಯೆ ಮೂರೂವರೆ ಲಕ್ಷ ಮುಟ್ಟಿತು. ಸಮಾನ ಕೆಲಸಕ್ಕೆ ಸಮಾನ ವೇತನ ಕೊಡಿ ಎಂದು ಪಟ್ನಾ ಹೈಕೋರ್ಟ್ 2017ರಲ್ಲಿ ಹೇಳಿತು. 2019ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿತು. ಬೊಕ್ಕಸದ ಮೇಲೆ ಬೀಳುವ ಹೊರೆ ಅಲ್ಲಿ ದೊಡ್ಡ ವಾದವಾಗಿತ್ತು. ಆದರೆ ನಂತರದ ವರ್ಷಗಳಲ್ಲಿ ಅದೇ ರಾಜ್ಯ ಒಂದು ಸಾಮರ್ಥ್ಯ ಪರೀಕ್ಷೆ ಇಟ್ಟು, ಪಾಸಾದ ನಿಯೋಜಿತ ಶಿಕ್ಷಕರನ್ನು ರಾಜ್ಯ ನೌಕರರನ್ನಾಗಿ ಮಾಡಿಕೊಳ್ಳತೊಡಗಿತು. ಕೋರ್ಟಿನಲ್ಲಿ ಗೆದ್ದ ಮೇಲೂ ಹೀಗೆ ಮಾಡಬೇಕಾಗಿ ಬಂತು ಎಂಬುದರಲ್ಲಿ ನನಗೆ ಭರವಸೆ ಕಾಣುತ್ತದೆ. ಲಕ್ಷಾಂತರ ಜನರ ದುಡಿಮೆಯನ್ನು ಬಹಳ ಕಾಲ ಅರ್ಧ ಬೆಲೆಗೆ ಇಟ್ಟುಕೊಳ್ಳಲಾಗುವುದಿಲ್ಲ. ಕಾನೂನೂ ಎಲ್ಲ ಕಡೆ ಒಂದೇ ದನಿಯಲ್ಲಿ ಮಾತಾಡಿಲ್ಲ. 2016ರ ಅಕ್ಟೋಬರ್‌ನಲ್ಲಿ ಪಂಜಾಬಿನ ಜಗಜೀತ್ ಸಿಂಗ್ ಪ್ರಕರಣದಲ್ಲಿ ಇದೇ ಸುಪ್ರೀಂ ಕೋರ್ಟ್, ತಾತ್ಕಾಲಿಕ ನೌಕರರೂ ಖಾಯಂ ನೌಕರರ ಕೆಲಸವನ್ನೇ ಮಾಡುತ್ತಿದ್ದರೆ ಆ ಹುದ್ದೆಯ ವೇತನ ಶ್ರೇಣಿಯ ಕನಿಷ್ಠ ಮೊತ್ತಕ್ಕೆ ಹಕ್ಕುದಾರರು ಎಂದು ತೀರ್ಪು ಕೊಟ್ಟಿದೆ. 2025ರ ಆಗಸ್ಟ್‌ನಲ್ಲಿ ಗುಜರಾತಿನ ಗುತ್ತಿಗೆ ಸಹಾಯಕ ಪ್ರಾಧ್ಯಾಪಕರ ವಿಷಯದಲ್ಲೂ ಅದನ್ನೇ ಎತ್ತಿಹಿಡಿದಿದೆ.

ಬಾಕಿ ಎಂಬುದು ಒಂದೇ ಕಡೆಗೆ ಇರುವುದಿಲ್ಲ. ಖಾಯಂ ಶಿಕ್ಷಕರ ಮೇಲೂ ಅದು ಇದೆ, ಭಾರವಾಗಿಯೇ ಇದೆ. 1994ರಿಂದ 99ರ ಅವಧಿಯಲ್ಲಿ ಶಿಕ್ಷಣ ಮಂತ್ರಿಯಾಗಿದ್ದ ಎಚ್.ಜಿ. ಗೋವಿಂದೇಗೌಡರ ಕಾಲದಲ್ಲಿ ಸುಮಾರು ಒಂದು ಲಕ್ಷ ಶಿಕ್ಷಕರು ಒಂದು ರೂಪಾಯಿ ಲಂಚವಿಲ್ಲದೆ, ಅಂಕದ ಆಧಾರದ ಮೇಲೆ ನೇಮಕವಾದರು. ಕೂಲಿಕಾರರ ಮಕ್ಕಳು, ಊರಿಗೆ ಮೊದಲ ಬಾರಿಗೆ ನೌಕರಿ ಕಂಡ ಹೆಣ್ಣುಮಕ್ಕಳು ಅವರಲ್ಲಿ ಎಷ್ಟೋ ಮಂದಿ. ಆ ತಲೆಮಾರಿನ ಶಿಕ್ಷಕರನ್ನು ಇಂದಿಗೂ ಮಾತಾಡಿಸಿದರೆ ನಾವು ಯಾರಿಗೂ ಕೈಯೊಡ್ಡದೆ ಬಂದವರು ಎಂಬ ಹೆಮ್ಮೆ ಅವರ ದನಿಯಲ್ಲಿ ಕೇಳುತ್ತದೆ. ಆ ಹೆಮ್ಮೆಯೇ ಬಹಳ ಮಂದಿಯನ್ನು ಒಳ್ಳೆಯ ಮೇಷ್ಟ್ರನ್ನಾಗಿ ಇಟ್ಟಿತು ಎಂದು ನಾನು ನಂಬುತ್ತೇನೆ. ಹಾಗೆಯೇ, ತಿಂಗಳ ಕೊನೆಗೆ ಪೂರ್ತಿ ಸಂಬಳ ಎಣಿಸಿಕೊಂಡು, ಕಷ್ಟದ ತರಗತಿಯನ್ನೂ ಸ್ಯಾಟ್ಸ್ ಕೆಲಸವನ್ನೂ ಅತಿಥಿ ಶಿಕ್ಷಕಿಯ ತಲೆಗೆ ಕಟ್ಟಿ ಕೂರುವ ಖಾಯಂ ಶಿಕ್ಷಕರು ಮಕ್ಕಳಿಗೂ ಬಾಕಿ, ಆ ಸಹೋದ್ಯೋಗಿಗೂ ಬಾಕಿ. ಅವರನ್ನು ಬಹುಮಾನದ ಆಸೆಯಿಂದಲ್ಲ, ಮೇಲ್ವಿಚಾರಣೆಯಿಂದ, ಬೇಕಾದರೆ ಶಿಸ್ತು ಕ್ರಮದಿಂದಲೇ ದಾರಿಗೆ ತರಬೇಕು. ಶಿಕ್ಷಕರ ಸಂಘಗಳು ಪಿಂಚಣಿಗಾಗಿ ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಬಂದಾಗ ತಮ್ಮದೇ ಸ್ಟಾಫ್ ರೂಮಿನ ಅತಿಥಿ ಶಿಕ್ಷಕರ ಬೇಡಿಕೆಯನ್ನೂ ಮೊದಲ ಸಾಲಿನಲ್ಲಿ ಬರೆದುಕೊಂಡು ಬರಲಿ. ಹಾಗೆ ಬಂದರೆ ಜನರೂ ಅವರ ಮಾತನ್ನು ಬೇರೆ ಕಿವಿಯಿಂದ ಕೇಳುತ್ತಾರೆ.

ಖಾಲಿ ಹುದ್ದೆಗಳಿಗೆಲ್ಲ ಖಾಯಂ ನೇಮಕಾತಿ ಆಗುವುದು ಸರಿಯಾದ ಉತ್ತರ. ಅದಕ್ಕೆ ಅಧಿಸೂಚನೆ, ಸಿಇಟಿ, ಮೀಸಲಾತಿ ರೋಸ್ಟರ್, ಕೋರ್ಟು ಎಂದು ವರ್ಷಗಳು ಹಿಡಿಯುತ್ತವೆ. ಅಲ್ಲಿಯವರೆಗೆ ಕಾಯದೆ ಮಾಡಬಹುದಾದದ್ದು ಬಹಳವಿದೆ. ಗೌರವಧನವನ್ನು ಅನುದಾನ ಬಿಡುಗಡೆಯಾದಾಗ ಕೊಡುವ ಬದಲು ಖಾಯಂ ಶಿಕ್ಷಕರ ಬಟವಾಡೆ ಆಗುವ ದಿನವೇ, ಅದೇ ವ್ಯವಸ್ಥೆಯ ಮೂಲಕ ನೇರ ಖಾತೆಗೆ ಹಾಕಬಹುದು. ಏಪ್ರಿಲ್, ಮೇ ತಿಂಗಳನ್ನೂ ಸೇರಿಸಿ ಹನ್ನೆರಡು ತಿಂಗಳ ಆದೇಶ ಕೊಡಬಹುದು. ಹೆರಿಗೆ ರಜೆ ಕೊಡಬಹುದು, ಹೆಚ್ಚಾಗಿ ಹೆಣ್ಣುಮಕ್ಕಳೇ ಇರುವ ಈ ಕೆಲಸದಲ್ಲಿ ಇದು ಸಣ್ಣ ಮಾತಲ್ಲ. ವರ್ಗಾವಣೆಯಲ್ಲಿ ಖಾಯಂ ಶಿಕ್ಷಕರು ಬಂದಾಗ ಅತಿಥಿ ಶಿಕ್ಷಕಿಯನ್ನು ಅದೇ ತಾಲ್ಲೂಕಿನ ಇನ್ನೊಂದು ಖಾಲಿ ಜಾಗಕ್ಕೆ ಕಳುಹಿಸುವ ಹೊಣೆಯನ್ನು ಬಿಇಒ ಕಚೇರಿಗೆ ವಹಿಸಬಹುದು. ಖಾಯಂ ನೇಮಕಾತಿಯಲ್ಲಿ ಅವರ ಸೇವೆಗೆ ಅಂಕ ಕೊಡಬಹುದು. ಮೊತ್ತವನ್ನು ಶ್ರೇಣಿಯ ಕನಿಷ್ಠಕ್ಕೆ ತರುವುದು ಒಂದೇ ಬಜೆಟ್ಟಿನಲ್ಲಿ ಆಗದಿದ್ದರೆ, ಪ್ರತಿ ವರ್ಷ ಇಷ್ಟರಷ್ಟು ಎಂದು ಮೂರು ನಾಲ್ಕು ವರ್ಷದ ವೇಳಾಪಟ್ಟಿಯನ್ನು ಸದನದಲ್ಲಿ ಇಟ್ಟು ಅದಕ್ಕೆ ಬದ್ಧವಾಗಬಹುದು. ಇವುಗಳಲ್ಲಿ ಮೊದಲ ಎರಡಕ್ಕೆ ಹೊಸ ಕಾಯ್ದೆಯೂ ಬೇಡ, ಆಯೋಗವೂ ಬೇಡ. ಹಣಕಾಸು ಇಲಾಖೆ ಒಪ್ಪಿ, ಶಾಲಾ ಶಿಕ್ಷಣ ಇಲಾಖೆ ಮೇ ತಿಂಗಳಲ್ಲಿ ಹೊರಡಿಸುವ ಅತಿಥಿ ಶಿಕ್ಷಕರ ನೇಮಕದ ಸುತ್ತೋಲೆಯಲ್ಲಿ ಎರಡು ಸಾಲು ಬದಲಾದರೆ ಸಾಕು.